ಸರತಿಲಂಘನ ಮೀಮಾಂಸೆ: ಮನೋರಂಜನಾ ಉದ್ಯಾನಗಳ ಶೀಘ್ರಪ್ರವೇಶ ಪಾಸನ್ನು ಕೊಳ್ಳಬೇಕೋ ಬೇಡವೋ ಎಂಬ ವಿಚಾರ

ಸರತಿಯೆಂದರೆ ಒಂದೇ ವಸ್ತುವನ್ನು ಬಯಸುವ ಹಲವರು, ಒಬ್ಬರ ಬೆನ್ನನ್ನು ಇನ್ನೊಬ್ಬರು ನೋಡುತ್ತ, ತಮ್ಮ ಪಾಳಿ ಬರುವ ತನಕ ನಿಲ್ಲುವ ವ್ಯವಸ್ಥೆ. ಆ ಬೆನ್ನುಗಳನ್ನು ದಾಟಿ ಮುಂದೆ ಹೋಗುವುದಕ್ಕೆ ಲಂಘನವೆಂದು ಹೆಸರು. ಹೀಗೆ ದಾಟುವಾಗ ಸಹಜವಾಗಿ ಬರಬೇಕಾದ ಬೈಗುಳವನ್ನು ಮುಂಗಡ ಹಣದಿಂದ ತೀರಿಸಿ, ರಸೀದಿ ಪಡೆದು, ಪ್ರತ್ಯೇಕ ಬಾಗಿಲಿನಿಂದ ಒಳಹೋಗುವ ಅಧಿಕಾರವನ್ನು ಕೊಡುವ ಚೀಟಿ ಅಥವಾ ಕೈಪಟ್ಟಿಯನ್ನು ಪ್ರಸ್ತುತ ಪ್ರಬಂಧದಲ್ಲಿ ಶೀಘ್ರಪ್ರವೇಶ ಪಾಸು ಎಂದು ಕರೆಯಲಾಗಿದೆ. ಅಂಥ ಪಾಸಿಗೆ ಸಾಮಾನ್ಯ ಟಿಕೆಟ್ಟಿನ ಹೆಚ್ಚುಕಡಿಮೆ ದುಪ್ಪಟ್ಟು ಹಣ ಕೊಡುವುದು ಗೃಹಸ್ಥನಿಗೆ ಯುಕ್ತವೋ ಅಯುಕ್ತವೋ ಎಂಬುದೇ ಇಲ್ಲಿನ ಪ್ರಶ್ನೆ.

ಪೂರ್ವಮೀಮಾಂಸಕರು ಯಜ್ಞವಿಧಿಗಳ ಗೊಂದಲವನ್ನು ಬಿಡಿಸಲು ಅಧಿಕರಣವೆಂಬ ವಿಚಾರಕ್ರಮವನ್ನು ಬೆಳೆಸಿದರು. ವಿಷಯವನ್ನು ಹೇಳಿ, ಸಂಶಯವನ್ನು ಎತ್ತಿ, ಎದುರಾಳಿಯ ಮಾತಾದ ಪೂರ್ವಪಕ್ಷವನ್ನು ಅವನಿಗಿಂತ ಚೆನ್ನಾಗಿ ಮಂಡಿಸಿ, ಆಮೇಲೆ ಅದನ್ನು ಕೆಡವಿ ಸಿದ್ಧಾಂತವನ್ನು ನಿಲ್ಲಿಸುವುದು ಅದರ ರೀತಿ. ಪಶುವನ್ನು ಯಾವ ಕಂಬಕ್ಕೆ ಕಟ್ಟಬೇಕೆಂಬುದನ್ನು ತೀರ್ಮಾನಿಸಲು ಸಾಕಾದ ಕ್ರಮವು ಮನುಷ್ಯನನ್ನು ಯಾವ ಉಯ್ಯಾಲೆಗೆ ಎಷ್ಟು ಹೊತ್ತಿಗೆ ಕಟ್ಟಬೇಕೆಂಬುದಕ್ಕೂ ಸಾಕಾಗುವುದೆಂಬ ಭರವಸೆಯಿಂದ ಇಲ್ಲಿಯೂ ಅದನ್ನೇ ಅನುಸರಿಸಲಾಗಿದೆ.

ಅಧ್ಯಯನಕ್ಕೆ ಕಲಬುರಗಿ ನಗರದ ಐವಾನ್-ಎ-ಶಾಹಿ ಪ್ರದೇಶವನ್ನೂ ಅದೇ ಜಿಲ್ಲೆಯ ಕಮಲಾಪುರವನ್ನೂ ಆರಿಸಿಕೊಂಡದ್ದಕ್ಕೆ ಕಾರಣವಿದೆ. ದೊಡ್ಡ ಮನೋರಂಜನಾ ಉದ್ಯಾನ ಇವುಗಳ ಆಸುಪಾಸಿನಲ್ಲಿ ಇಲ್ಲವಾದ್ದರಿಂದ ಇಲ್ಲಿನವರ ವಿಚಾರಕ್ಕೆ ದೂರದಿಂದ ಮಾತ್ರ ಬರುವ ನಿಷ್ಪಕ್ಷಪಾತವು ತಾನಾಗಿ ಒದಗಿದೆ. ವಂಡರ್‌ಲಾ ಎಂಬ ಉದ್ಯಾನವು 2005ರಲ್ಲಿ ಬೆಂಗಳೂರಿನಾಚೆ ಬಿಡದಿಯ ಬಳಿ ತೆರೆಯಿತು, 2016ರಲ್ಲಿ ಹೈದರಾಬಾದಿನ ರಾವಿರ್ಯಾಲಕ್ಕೆ ಬಂತು. ಮೊದಲನೆಯದನ್ನು ನೋಡಬೇಕಾದರೆ ರಾತ್ರಿಯಿಡೀ ರೈಲಿನಲ್ಲಿ ಕೂರಬೇಕು, ಎರಡನೆಯದಕ್ಕೆ ನಸುಕಿನಲ್ಲಿ ಗಾಡಿ ಮಾಡಿಕೊಂಡು ಹೊರಡಬೇಕು. ಒಂದು ರಾತ್ರಿಯನ್ನು ಬರ್ತಿನ ಮೇಲೆ ಕಳೆದು ಬಂದವನಿಗೆ ಮುಕ್ಕಾಲು ತಾಸಿನ ಸರತಿಯನ್ನು ತೋರಿಸಿ, ಇದು ಅಸಹನೀಯವಲ್ಲವೇ ಎಂದು ಕೌಂಟರಿನ ಹುಡುಗ ಕೇಳುವಾಗ ಉಂಟಾಗುವ ತಾತ್ತ್ವಿಕ ಇಕ್ಕಟ್ಟು ಬೆಂಗಳೂರಿನವನಿಗೆ ತಿಳಿಯತಕ್ಕದ್ದಲ್ಲ. ಕಮಲಾಪುರದ ಮೂಲಕ ಹಾದುಹೋಗುವ ಬೀದರ್–ಕಲಬುರಗಿ ರೈಲು ಮಾರ್ಗವು ಸುಮಾರು ಎರಡು ದಶಕ ಕಾಯಿಸಿ 2017ರ ಅಕ್ಟೋಬರಿನಲ್ಲಿ ಉದ್ಘಾಟನೆಗೊಂಡಿತೆಂಬುದನ್ನು ನೆನೆದರೆ, ಕಾಯುವ ವಿದ್ಯೆಯಲ್ಲಿ ಈ ಸೀಮೆಯ ಅರ್ಹತೆ ಇನ್ನಷ್ಟು ಸ್ಪಷ್ಟವಾಗುತ್ತದೆ.

ಐವಾನ್-ಎ-ಶಾಹಿಗೆ ಇದರಲ್ಲಿ ಬೇರೊಂದು ಮಹತ್ವವುಂಟು. ನಿಜಾಮರ ಕಾಲದ ಈ ರಾಜ ಅತಿಥಿಗೃಹದಲ್ಲಿ ತಂಗುತ್ತಿದ್ದ ದೊರೆಗೆ ಸರತಿಯೆಂಬ ಪದಾರ್ಥದ ಪರಿಚಯವೇ ಇರಲಿಲ್ಲ. ಅವನು ಬಂದ ಕಡೆ ಸರತಿ ತಾನಾಗಿ ಪಕ್ಕಕ್ಕೆ ಸರಿಯುತ್ತಿತ್ತು. 1948ರ ಸೆಪ್ಟೆಂಬರಿನಲ್ಲಿ ಆ ಆಳ್ವಿಕೆ ಮುಗಿದಾಗ ಎಲ್ಲರೂ ತಾತ್ತ್ವಿಕವಾಗಿ ಒಂದೇ ಸಾಲಿಗೆ ಬಂದರು, ಮತ್ತು ಬಂದ ಕೂಡಲೇ ಅದನ್ನು ದಾಟುವ ಉಪಾಯಗಳನ್ನು ಹುಡುಕತೊಡಗಿದರು.

ಈ ಉಪಾಯಗಳಲ್ಲಿ ಹಣದ ಲಂಘನವೇ ಕಿರಿಯದು. ಅದಕ್ಕಿಂತ ಹಳೆಯದು ವಶೀಲಿಲಂಘನ; ಅಂದರೆ ಒಳಗೆ ಕೂತವನ ಸೋದರಮಾವನ ಹೆಸರನ್ನು ಹೊರಗೆ ನಿಂತವನು ಸಕಾಲದಲ್ಲಿ ನೆನಪಿಸಿಕೊಳ್ಳುವುದು. ಇನ್ನೊಂದು ವಸ್ತ್ರಲಂಘನ, ಬಸ್ಸು ನಿಲ್ದಾಣಕ್ಕೆ ತಿರುಗುತ್ತಿರುವಾಗಲೇ ಕಿಟಕಿಯ ಸರಳುಗಳ ನಡುವೆ ದಸ್ತಿಯನ್ನೋ ಟವೆಲನ್ನೋ ಒಗೆದು, ಬಾಗಿಲಿನ ನೂಕುನುಗ್ಗಲು ಮುಗಿದ ಮೇಲೆ ಸಾವಕಾಶವಾಗಿ ಹತ್ತಿ, ಆ ಬಟ್ಟೆಯ ಮೇಲೆ ರಾಜಗಾಂಭೀರ್ಯದಿಂದ ಕೂರುವ ಈ ವಿಧಾನಕ್ಕೆ ಯಾವ ಕಾಯಿದೆಯ ಬೆಂಬಲವೂ ಇಲ್ಲದಿದ್ದರೂ, ದಸ್ತಿಯ ಹಕ್ಕನ್ನು ಪ್ರಶ್ನಿಸಿದವರು ಕಲ್ಯಾಣ ಕರ್ನಾಟಕದಲ್ಲಿ ವಿರಳ. 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆ ಹೆಣ್ಣುಮಕ್ಕಳಿಗೆ ಟಿಕೆಟ್ಟನ್ನು ಉಚಿತ ಮಾಡಿತೇ ಹೊರತು ಸೀಟನ್ನಲ್ಲವಾದ್ದರಿಂದ ದಸ್ತಿಯ ಮೌಲ್ಯ ಆ ದಿನದಿಂದ ಏರಿತೆಂದು ಊಹಿಸಬಹುದು. ಎಲ್ಲಕ್ಕಿಂತ ಸೂಕ್ಷ್ಮವಾದದ್ದು ಪ್ರತಿನಿಧಿಲಂಘನ. ಇದರಲ್ಲಿ ಒಬ್ಬ ತೆಳ್ಳನೆಯ ಹುಡುಗನನ್ನು ಸಾಲಿನಲ್ಲಿ ನಿಲ್ಲಿಸಲಾಗುತ್ತದೆ. ಅವನು ಬಾಗಿಲ ಹತ್ತಿರ ತಲುಪಿದಾಗ ಹಿಂದಿನಿಂದ ಹನ್ನೊಂದು ಮಂದಿ, "ನಮ್ಮವ್ರು ಮುಂದ ನಿಂತಾರ್ರೀ, ಜರಾ ಸರೀರಿ" ಎಂಬ ಮಂತ್ರವನ್ನು ಪಠಿಸುತ್ತ ಬಂದು ಅವನನ್ನು ಸೇರಿಕೊಳ್ಳುತ್ತಾರೆ. ಉದ್ಯಾನದ ಆಡಳಿತಗಳು ಪಾಸನ್ನು ಮಾರಲು ಹೊರಟಾಗ ಅವರಿಗೆ ಎದುರಾದ ನಿಜವಾದ ಸ್ಪರ್ಧಿ ಈ ಹುಡುಗನೇ.

ಸರತಿಗೆ ಶಾಸ್ತ್ರವೂ ಇದೆ. ಕೋಪನ್‌ಹೇಗನ್ನಿನ ಟೆಲಿಫೋನ್ ಕಂಪನಿಯಲ್ಲಿದ್ದ ಎರ್ಲಾಂಗ್ 1909ರಲ್ಲಿ, ಕರೆಗಳು ಎಷ್ಟು ಹೊತ್ತು ಕಾಯಬೇಕಾಗುತ್ತದೆ ಎಂಬುದರ ಗಣಿತವನ್ನು ಆರಂಭಿಸಿದನು. 1961ರಲ್ಲಿ ಜಾನ್ ಲಿಟಲ್ ಎಂಬುವನು, ಸರತಿಯಲ್ಲಿರುವವರ ಸರಾಸರಿ ಸಂಖ್ಯೆಯು ಬರುವವರ ವೇಗವನ್ನು ಕಾಯುವ ಹೊತ್ತಿನಿಂದ ಗುಣಿಸಿದಷ್ಟಿರುತ್ತದೆ ಎಂಬ ಸೂತ್ರವನ್ನು ಸಾಧಿಸಿ ತೋರಿಸಿದನು. ಲೆಕ್ಕಕ್ಕಾಗಿ ಒಂದು ಆಟದಲ್ಲಿ ಸುತ್ತಿಗೆ 24 ಮಂದಿ ಕೂರುವರೆಂದೂ, ಪ್ರತಿ ಸುತ್ತಿಗೆ ನಾಲ್ಕು ನಿಮಿಷವೆಂದೂ, ಮುಂದೆ 240 ಮಂದಿ ಇರುವರೆಂದೂ ಇಟ್ಟುಕೊಂಡರೆ, ಕೊನೆಯವನು 40 ನಿಮಿಷ ಕಾಯಬೇಕು. ಸುತ್ತಿಗೆ ಆರು ಸೀಟನ್ನು ಪಾಸಿನವರಿಗೆ ಮೀಸಲಿಟ್ಟರೆ ಉಳಿಯುವುದು 18. ಆಗ ಅದೇ ಮನುಷ್ಯ 53 ನಿಮಿಷ ನಿಲ್ಲಬೇಕಾಗುತ್ತದೆ. ಯಂತ್ರ ವೇಗವಾಗಿ ತಿರುಗಲಿಲ್ಲ, ಸೀಟು ಹೆಚ್ಚಲಿಲ್ಲ, ಕಾಯುವಿಕೆ ಎಂಬ ದ್ರವ್ಯದಲ್ಲಿ ಒಂದು ಗುಂಜಿಯೂ ನಾಶವಾಗಲಿಲ್ಲ. ಅದು ಒಬ್ಬನ ಕಾಲಿನಿಂದ ಇನ್ನೊಬ್ಬನ ಕಾಲಿಗೆ ವರ್ಗಾವಣೆಯಾಯಿತಷ್ಟೆ. ಇದನ್ನು ಮುಂದಿನ ವಿಚಾರಕ್ಕಾಗಿ ಕಾಯುವಿಕೆಯ ಅವಿನಾಶಿತ್ವ ಎಂದು ಕರೆಯೋಣ.

ಹಣದ ಲಂಘನಕ್ಕೆ ಪ್ರಮಾಣಗ್ರಂಥವೂ ದೊರೆಯುತ್ತದೆ. ಸರತಿಶಾಸ್ತ್ರಜ್ಞ ಲಿಯೊನಾರ್ಡ್ ಕ್ಲೈನ್‌ರಾಕ್ 1967ರಲ್ಲಿ ಪ್ರಕಟಿಸಿದ ಪ್ರಬಂಧವೊಂದರ ಶೀರ್ಷಿಕೆಯಲ್ಲಿಯೇ, ಸರತಿಯಲ್ಲಿ ಒಳ್ಳೆಯ ಸ್ಥಾನಕ್ಕಾಗಿ ಕೊಡಬೇಕಾದ ಅತ್ಯುತ್ತಮ ಲಂಚ ಎಂಬ ಮಾತು ನಿಸ್ಸಂಕೋಚವಾಗಿ ಬಂದಿದೆ. ಯಾರ ಅಸಹನೆ ಎಷ್ಟೋ ಅವರ ಲಂಚವೂ ಅದಕ್ಕೆ ತಕ್ಕಷ್ಟು ಎಂಬುದು ಅಲ್ಲಿನ ಗಣಿತದ ಜಾಡು. ನಮ್ಮಲ್ಲಿ ಈ ವಿಷಯದ ಪ್ರಯೋಗವು ಸಿದ್ಧಾಂತಕ್ಕಿಂತ ಬಹಳ ಮುಂದಿರುವುದರಿಂದ ಆ ಪ್ರಬಂಧವನ್ನು ಅನುವಾದಿಸುವ ಅಗತ್ಯ ಯಾರಿಗೂ ಕಂಡಿಲ್ಲ. ಇದೇ ಕ್ಲೈನ್‌ರಾಕ್‌ನ ಪ್ರಯೋಗಾಲಯದಿಂದ 1969ರಲ್ಲಿ ಅರ್ಪಾನೆಟ್ ಎಂಬ ಗಣಕಜಾಲದ ಮೊದಲ ಸಂದೇಶ ಹೊರಟಿತು, ಆ ಜಾಲವು ಬೆಳೆದು ಇಂಟರ್‌ನೆಟ್ ಆಯಿತು, ಮತ್ತು ಅದರ ಮೇಲೆ ಈಗ ದಿನವೂ ಬೆಳಿಗ್ಗೆ ಹತ್ತಕ್ಕೆ ಎಸಿ ದರ್ಜೆಗೂ ಹನ್ನೊಂದಕ್ಕೆ ಉಳಿದ ದರ್ಜೆಗೂ ರೈಲ್ವೆಯ ತತ್ಕಾಲ್ ಟಿಕೆಟ್ಟಿನ ಯುದ್ಧ ನಡೆಯುತ್ತದೆ. 1997ರಲ್ಲಿ ಬಂದ ತತ್ಕಾಲ್ ವ್ಯವಸ್ಥೆಯೂ ಹೆಚ್ಚಿನ ಹಣಕ್ಕೆ ಸರತಿಯನ್ನು ತಪ್ಪಿಸುವ ವಾಗ್ದಾನವೇ; ಆದರೆ ತಪ್ಪಿಸಿಕೊಂಡವರು ಹೆಚ್ಚಾದಂತೆ ಅವರಿಗಾಗಿಯೇ ತತ್ಕಾಲ್ ವೇಟಿಂಗ್ ಲಿಸ್ಟ್ ಎಂಬ ಎರಡನೆಯ ಸರತಿಯನ್ನು ಸ್ಥಾಪಿಸಬೇಕಾಯಿತು. ಸರತಿ ತಪ್ಪಿಸಿದವರ ಸರತಿ ಎಂಬ ಈ ಪದಾರ್ಥವನ್ನು ಜಗತ್ತಿಗೆ ಕೊಟ್ಟದ್ದಕ್ಕಾಗಿ ಭಾರತೀಯ ರೈಲ್ವೆಗೆ ತರ್ಕಶಾಸ್ತ್ರವು ಋಣಿಯಾಗಿದೆ.

ದೇವಾಲಯಗಳ ಸಾಕ್ಷ್ಯವೂ ಇದಕ್ಕೆ ಹೊಂದುತ್ತದೆ. ತಿರುಮಲದಲ್ಲಿ 300 ರೂಪಾಯಿಯ ವಿಶೇಷ ಪ್ರವೇಶ ದರ್ಶನವಿದೆ. ವರ್ಷಕ್ಕೊಮ್ಮೆ ಮಾತ್ರ ಬಾಗಿಲು ತೆರೆಯುವ ಹಾಸನಾಂಬೆಯ ಸನ್ನಿಧಿಯಲ್ಲಿ 300 ಮತ್ತು 1000 ರೂಪಾಯಿಯ ಟಿಕೆಟ್ಟುಗಳಿವೆ. ಜನ ಕಿಕ್ಕಿರಿದ ದಿನ ಸಾವಿರದ ಸಾಲೂ ತಾಸುಗಟ್ಟಲೆ ನಿಂತಲ್ಲೇ ನಿಲ್ಲುವುದುಂಟು. ಪಾಸಿನ ಬೆಲೆಯು ಅದನ್ನು ಕೊಳ್ಳದವರ ಸಂಖ್ಯೆಯನ್ನು ಅವಲಂಬಿಸಿದೆ ಎಂಬ ನಿಯಮ ಇದರಿಂದ ಹೊರಡುತ್ತದೆ. ಆದ್ದರಿಂದ ಪಾಸು ಕೊಂಡವನು ಊರಿಗೆ ಬಂದು ಅದನ್ನು ಹೊಗಳುವುದು ಸ್ವಹಿತಕ್ಕೆ ವಿರುದ್ಧ. ಇದಕ್ಕೆ ವ್ಯತಿರೇಕವಾಗಿ, ಹೋಳಿಯಾದ ಮೇಲೆ ನಡೆಯುವ ಕಲಬುರಗಿಯ ಶರಣಬಸವೇಶ್ವರ ರಥೋತ್ಸವದಲ್ಲಿ ತೇರಿಗೆ ಬಾಳೆಹಣ್ಣು, ಉತ್ತತ್ತಿ ಎಸೆಯುವವರಿಗೆ ಸರತಿಯೇ ಇಲ್ಲ; ತೋಳಿನ ಬಲವುಳ್ಳವನು ಹತ್ತನೆಯ ಸಾಲಿನಿಂದಲೇ ತನ್ನ ಭಕ್ತಿಯನ್ನು ತಲುಪಿಸುತ್ತಾನೆ.

ಈಗ ಪೂರ್ವಪಕ್ಷ. ಕಾಲಕ್ಕೆ ಬೆಲೆಯುಂಟು, ಪಾಸಿಗೆ ಹೆಚ್ಚಿಗೆ ತೆರುವುದು ಸಾವಿರ ರೂಪಾಯಿ ಎಂದಿಟ್ಟುಕೊಂಡು, ಆರು ಆಟಗಳಲ್ಲಿ 40 ನಿಮಿಷದಂತೆ ನಾಲ್ಕು ತಾಸು ಉಳಿದರೆ ತಾಸಿಗೆ 250 ರೂಪಾಯಿ ಬಿದ್ದಂತಾಯಿತು, ತಾಸಿಗೆ ಅದಕ್ಕಿಂತ ಹೆಚ್ಚು ಗಳಿಸುವವನು ಪಾಸು ಕೊಳ್ಳತಕ್ಕದ್ದು, ಕಡಿಮೆ ಗಳಿಸುವವನು ನಿಲ್ಲತಕ್ಕದ್ದು ಎಂದು ಅರ್ಥಶಾಸ್ತ್ರಜ್ಞನು ಹೇಳುವನು. ನೋಡಲು ಇದು ಅಭೇದ್ಯವಾಗಿದೆ. ಆದರೆ ಕಡಿಮೆ ಕಾದಷ್ಟೂ ಬೆಲೆ ಹೆಚ್ಚೆಂಬ ಈ ತತ್ತ್ವವನ್ನು ಕಮಲಾಪುರದಲ್ಲಿ ಹೇಳಿದರೆ ತೋಟದವರು ನಕ್ಕಾರು. ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಅಲ್ಲಿನ ಕೆಂಪು ಬಾಳೆ ಉಳಿದ ಬಾಳೆಗಿಂತ ಹೆಚ್ಚು ತಿಂಗಳು ಗಿಡದಲ್ಲಿ ನಿಂತು, ಹೆಚ್ಚು ಕಾಯಿಸಿದ್ದಕ್ಕಾಗಿಯೇ ಹೆಚ್ಚು ಬೆಲೆಯನ್ನು ಕೇಳುತ್ತದೆ. ಅದಿರಲಿ, ಪೂರ್ವಪಕ್ಷದ ನಿಜವಾದ ದೋಷ ಬೇರೆ. ಅದು ಉದ್ಯಾನಕ್ಕೆ ಒಬ್ಬನೇ ಮನುಷ್ಯನನ್ನು ಕಳಿಸಿದೆ. ಕಲಬುರಗಿಯಿಂದ ಒಬ್ಬನೇ ಮನುಷ್ಯ ಯಾವ ಉದ್ಯಾನಕ್ಕೂ ಹೋದ ದಾಖಲೆಯಿಲ್ಲ.

ಇಲ್ಲಿ ನೆರವಿಗೆ ಬರುವವನು ವಿಜ್ಞಾನೇಶ್ವರ. ಕಲಬುರಗಿ ಜಿಲ್ಲೆಯ ಮರ್ತೂರಿನವನೆಂದು ಈ ನಾಡು ಗೌರವಿಸುವ, ಆರನೆಯ ವಿಕ್ರಮಾದಿತ್ಯನ ಕಾಲದ ಈ ಪಂಡಿತನು ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ಮಿತಾಕ್ಷರಾ ಎಂಬ ವ್ಯಾಖ್ಯಾನವು, ಬಂಗಾಳದ ಕಡೆಯನ್ನು ಬಿಟ್ಟರೆ ದೇಶದ ಬಹುಭಾಗದಲ್ಲಿ ಅವಿಭಕ್ತ ಕುಟುಂಬದ ಆಸ್ತಿಗೆ ಶತಮಾನಗಳ ಕಾಲ ಪ್ರಮಾಣವಾಗಿತ್ತು. ಅದರಂತೆ ಪಿತ್ರಾರ್ಜಿತದಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು. ತಂದೆಯ ಸ್ವತ್ತಿಗೆ ಕುಂದು ತಾರದೆ ಒಬ್ಬನು ತಾನೇ ಗಳಿಸಿದ್ದು ಮಾತ್ರ ಅವನೊಬ್ಬನದು. ಪಾಸಿನಿಂದ ಉಳಿದ ನಾಲ್ಕು ತಾಸು ಇವೆರಡರಲ್ಲಿ ಯಾವುದು? ಪಾಸನ್ನು ತಂದೆಯ ದುಡ್ಡಿನಿಂದ ಕೊಂಡದ್ದಾದ್ದರಿಂದ ಉಳಿದ ಹೊತ್ತು ಕುಟುಂಬದ ಅವಿಭಕ್ತ ಸ್ವತ್ತೆಂಬುದು ನಿರ್ವಿವಾದ. ಆದ್ದರಿಂದಲೇ ಎಂಟು ಮಂದಿಯಲ್ಲಿ ಇಬ್ಬರು ಮೊಮ್ಮಕ್ಕಳಿಗೆ ಮಾತ್ರ ಪಾಸು ಕೊಡಿಸಿದ ಕುಟುಂಬದಲ್ಲಿ, ಅವರು ಆಟವನ್ನು ಬೇಗ ಮುಗಿಸಿ ಬಂದು, ಸಾಮಾನ್ಯ ಸಾಲಿನಲ್ಲಿರುವ ಕಾಕಾ, ಮೌಶಿ, ಅವರ ಮಕ್ಕಳು ಹೊರಬರುವ ತನಕ ಬಾಗಿಲಲ್ಲಿ ಕಾಯುತ್ತಾರೆ. ಉಳಿಸಿದ ಹೊತ್ತನ್ನು ಕಾಯುವುದರಲ್ಲಿಯೇ ಖರ್ಚು ಮಾಡುವುದರಿಂದ ಅವಿನಾಶಿತ್ವದ ನಿಯಮ ಕುಟುಂಬದ ಒಳಗೂ ಸಿದ್ಧವಾಯಿತು. ಎಂಟೂ ಮಂದಿಗೆ ಪಾಸು ಕೊಂಡರಾಗದೇ ಎಂದರೆ, ಎಂಟು ಸಾವಿರ ರೂಪಾಯಿಯ ಮಾತು ಬಂದೊಡನೆ ಆ ಎಂಟರಲ್ಲಿ ಐವರಿಗೆ ತಲೆಸುತ್ತಿನ ಹಳೆಯ ವ್ಯಾಧಿ ನೆನಪಾಗಿ ಅವರು ಯಾವ ಆಟವನ್ನೂ ಆಡದಿರಲು ನಿಶ್ಚಯಿಸುತ್ತಾರೆ.

ಉಳಿದ ಹೊತ್ತಿನ ಈ ವಿಭಾಗದಲ್ಲಿ ಪಾಲು ಸಿಗದ ಒಬ್ಬಳಿದ್ದಾಳೆ, ಅವಳೇ ಚೀಲಪಾಲಕಿ. ಚೀಲಪಾಲಕಿಯೆಂದರೆ ಎಲ್ಲರ ಮೊಬೈಲು, ಚಪ್ಪಲಿ, ಒಣಬಟ್ಟೆ, ನೀರಿನ ಬಾಟಲಿ, ಹಿಂದಿರುಗುವ ಟಿಕೆಟ್ಟುಗಳನ್ನು ಮಡಿಲಲ್ಲಿಟ್ಟುಕೊಂಡು ನೆರಳಿನ ಬೆಂಚಿನ ಮೇಲೆ ಕೂರುವ ಅಜ್ಜಿ. ಲಾಕರ್ ಬಾಡಿಗೆಗೆ ಸಿಗುತ್ತದೆಂದು ಹೇಳಿದರೂ ಅವಳು ಒಪ್ಪುವುದಿಲ್ಲ. ಹೊರಗಿನ ತಿನಿಸನ್ನು ಒಳಗೆ ಬಿಡದ ಕಾರಣ ಬುತ್ತಿಯ ಕಟಕ ರೊಟ್ಟಿ, ಶೇಂಗಾ ಹಿಂಡಿಯನ್ನು ಗೇಟಿನ ಹೊರಗೆ ಗಾಡಿಯ ನೆರಳಿನಲ್ಲಿಯೇ ಎಲ್ಲರಿಗೂ ಬಡಿಸಿ, ಅದರಲ್ಲಿ ಯಾವ ಪಾಸೂ ಹಿಂದಿರುಗಿಸಲಾಗದ ಒಂದು ತಾಸನ್ನು ಕಳೆದು, ಆಮೇಲೆ ಒಳಬಂದವಳು ಅವಳು. ಮಕ್ಕಳು ಬೇಗ ಆಡಿದರೆ ಹೆಚ್ಚು ಆಟ ಆಡುತ್ತಾರೆಯೇ ಹೊರತು ಬೇಗ ಮನೆಗೆ ಹೊರಡುವುದಿಲ್ಲವಾದ್ದರಿಂದ, ಎಷ್ಟು ಪಾಸು ಕೊಂಡರೂ ಅವಳ ಕಾಯುವಿಕೆಯಲ್ಲಿ ಒಂದು ನಿಮಿಷವೂ ಕಡಿಮೆಯಾಗುವುದಿಲ್ಲ. ಸರತಿಶಾಸ್ತ್ರದ ಸೂತ್ರಗಳಲ್ಲಿ ಈಕೆಗೆ ಚಿಹ್ನೆಯಿಲ್ಲದಿರುವುದು ಆ ಶಾಸ್ತ್ರದ ದೊಡ್ಡ ಲೋಪ.

ಹವಾಮಾನದಿಂದ ಇನ್ನೊಂದು ಬಾಧೆ ಬರುತ್ತದೆ. ಬೇಸಿಗೆ ರಜೆಯಲ್ಲಿ, ಉಷ್ಣಾಂಶ ನಲವತ್ತನ್ನು ದಾಟಿದ ಊರಿನಿಂದ ಹೊರಟ ಕುಟುಂಬವು ಉದ್ಯಾನದ ಅಲೆಗಳ ಕೊಳವನ್ನು ಕಂಡ ಕೂಡಲೇ ಅದರಲ್ಲಿ ಇಳಿಯುತ್ತದೆ, ಮತ್ತು ಸೀಟಿ ಊದುವ ತನಕ ಮೇಲೆ ಬರುವುದಿಲ್ಲ. ಕೊಳಕ್ಕೆ ಸರತಿಯಿಲ್ಲ; ಸರತಿಯಿಲ್ಲದಲ್ಲಿ ಲಂಘನವಿಲ್ಲ; ಲಂಘನವಿಲ್ಲದಲ್ಲಿ ಪಾಸು ನಿಷ್ಫಲ. ಏಪ್ರಿಲ್, ಮೇ ತಿಂಗಳುಗಳಲ್ಲಿ ಕಲಬುರಗಿಯವರು ಪಾಸು ಕೊಳ್ಳಕೂಡದೆಂಬುದು ಇಷ್ಟರಿಂದಲೇ ಸಿದ್ಧ. ಮಳೆಗಾಲದ ವಾರದ ದಿನಗಳಲ್ಲಿ ಸಾಲೇ ಚಿಕ್ಕದಾದ್ದರಿಂದ ಆಗಲೂ ಬೇಡ. ದಸರಾ ಮತ್ತು ಡಿಸೆಂಬರಿನ ರಜೆ ಮಾತ್ರ ವಿಚಾರಕ್ಕೆ ಉಳಿಯುತ್ತವೆ. ಆಗ ಒಂದೇ ಎತ್ತರದ, ಒಂದೇ ಧೈರ್ಯದ ಇಬ್ಬರು ಬಂದಿದ್ದು, ಅವರಿಗೆ ಹೊರಗೆ ಕಾಯುವ ನೆಂಟರಿಲ್ಲದಿದ್ದರೆ ಪಾಸು ಯುಕ್ತ.

ಎತ್ತರದ ಮಾತು ಸುಮ್ಮನೆ ಬಂದದ್ದಲ್ಲ. ಮಕ್ಕಳ ರಿಯಾಯಿತಿ ಟಿಕೆಟ್ಟನ್ನು ಎತ್ತರ ನೋಡಿ ಕೊಡುವ ಉದ್ಯಾನಗಳಲ್ಲಿ ತಾಯಿಯು ಕೌಂಟರಿನ ಅಳತೆಗೋಲಿನ ಕೆಳಗೆ ಮಗನ ಹೆಗಲನ್ನು ಒತ್ತಿ, "ಜರಾ ಬಗ್ಗಿ ನಿಂದ್ರು" ಎನ್ನುತ್ತಾಳೆ. ಅರ್ಧ ತಾಸಿನ ಬಳಿಕ ದೊಡ್ಡ ಆಟದ ಬಾಗಿಲಲ್ಲಿ, ಇಂತಿಷ್ಟು ಎತ್ತರಕ್ಕಿಂತ ಕಡಿಮೆಯವರಿಗೆ ಪ್ರವೇಶವಿಲ್ಲ ಎಂಬ ಫಲಕದ ಮುಂದೆ ಅದೇ ಮಗನಿಗೆ, "ತುದಿಗಾಲ ಮ್ಯಾಲ ನಿಂದ್ರೋ" ಎನ್ನುತ್ತಾಳೆ. ಪಾಸು ಮನುಷ್ಯರ ಬೆನ್ನುಗಳನ್ನು ದಾಟಿಸಬಲ್ಲದು, ಅಡ್ಡ ಹಾಕಿದ ಆ ಕೋಲನ್ನು ದಾಟಿಸಲಾರದು. ಆದ್ದರಿಂದ ಡಿಸೆಂಬರಿನಲ್ಲಿಯೂ ಪಾಸಿಗೆ ಹಣ ಎಣಿಸುವ ಮುನ್ನ ಮಗನನ್ನು ಮನೆಯ ಬಾಗಿಲ ಚೌಕಟ್ಟಿಗೆ ನೆಟ್ಟಗೆ ನಿಲ್ಲಿಸಿ ಸೀಸದಕಡ್ಡಿಯಿಂದ ಗೆರೆ ಎಳೆಯತಕ್ಕದ್ದು. ಆ ಗೆರೆ ಬೇಕಾದ ಎತ್ತರಕ್ಕೆ ಬಂದ ವರ್ಷ ಅವನು ತನ್ನ ಗೆಳೆಯರೊಂದಿಗೆ ಹೋಗುತ್ತೇನೆಂದು ಹೇಳುವ ಸಂಭವವಿದೆ, ಆಗ ಪಾಸಿನ ಹಣವನ್ನು ಯಾರು ಕೊಡಬೇಕೆಂಬುದಕ್ಕೆ ಮತ್ತೆ ಮಿತಾಕ್ಷರವನ್ನೇ ತೆರೆಯಬೇಕು.