ಎತ್ತು ನಾಯನಾ

ಅವರೆಕಾಯಿ ಕಾಲದ ಒಂದು ಬೆಳಿಗ್ಗೆ ತೊಂಡೇಬಾವಿ ಸ್ಟೇಷನ್ನಿನಲ್ಲಿ ನಾನು ಇಡೀ ಲೋಕದ ಮೇಲೆ ಮುನಿಸಿಕೊಂಡು ಕೂತಿದ್ದೆ. ಬೆಂಗಳೂರಿನ ರೈಲು ಕಣ್ಣೆದುರೇ ಮಾಕಳಿದುರ್ಗದ ಕಡೆಗೆ ಹೊರಟುಹೋಗಿತ್ತು. ತಪ್ಪು ರೈಲಿನದಲ್ಲ. ಮನೆಯಲ್ಲಿ ಗ್ಯಾಸ್ ಸಿಲಿಂಡರ್ ಒಳಗೆ ತಂದಿಡಿ ಎಂದ ಹೆಂಡತಿಗೆ ನನ್ನ ಸೊಂಟನೋವಿನ ಚರಿತ್ರೆ ಒಪ್ಪಿಸುತ್ತ ಹತ್ತು ನಿಮಿಷ ಕಳೆದವನು ನಾನೇ.

‘ಎತ್ತು ನಾಯನಾ’ ಎಂಬ ದನಿ ಕೇಳಿತು. ಆಂಧ್ರದ ಗಡಿಗೆ ಹತ್ತಿರವಿರುವ ನಮ್ಮ ಸೀಮೆಯಲ್ಲಿ ಲೆಕ್ಕಾಚಾರ ಕನ್ನಡದಲ್ಲಾದರೆ ಅಕ್ಕರೆ ತೆಲುಗಿನಲ್ಲಿ. ತಿರುಗಿದರೆ ಒಬ್ಬ ಅಜ್ಜಿ, ಕಾಲಬುಡದಲ್ಲಿ ಅವರೆಕಾಯಿ ಮೂಟೆ. ಅದೇ ರೈಲು ಅವಳಿಗೂ ತಪ್ಪಿತ್ತು. ಆದರೆ ಅವಳು ಮುನಿಸಿಕೊಳ್ಳುವ ಬದಲು ಟವೆಲ್ಲು ಸುತ್ತಿ ಸಿಂಬೆ ಮಾಡಿ ತಲೆಯ ಮೇಲಿಟ್ಟುಕೊಂಡು, ಬಸ್ಸಿಗೆ ಹೋಗಲು ಸಿದ್ಧವಾಗಿದ್ದಳು.

ಎತ್ತಿದೆ. ಇಬ್ಬನಿಯಲ್ಲಿ ನೆಂದ ಮೂಟೆ ಎದೆಗೆ ಒರಗಿ ಅಂಗಿಗೆಲ್ಲ ಸೊಗಡು ಬಳಿಯಿತು. ಅಜ್ಜಿ ಕತ್ತು ಒಮ್ಮೆ ಕೊಂಕಿಸಿ, ಭಾರ ಸರಿದೂಗಿಸಿಕೊಂಡು ಹೊರಟೇಬಿಟ್ಟಳು. ನನಗೋ ಸೊಂಟ ನೋಯಲಿಲ್ಲ, ಸಿಟ್ಟೂ ಉಳಿಯಲಿಲ್ಲ. ಬಸ್ಸಿಗೆ ನಾನೂ ಹೋಗಬಹುದಿತ್ತೆಂದು ಹೊಳೆದದ್ದು ಬಸ್ಸು ಹೋದಮೇಲೆ. ಆದರೂ ದಿನವೆಲ್ಲ ಅಂಗಿ ಮೂಸಿಕೊಂಡು ಖುಷಿಯಾಗಿದ್ದೆ.

ಇದಕ್ಕೆ ಶಾಸ್ತ್ರವಿದೆಯೇ ಎಂದು ಹುಡುಕಿದೆ, ಇತ್ತು. ಕೆನಡಾದ ಎಲಿಜಬೆತ್ ಡನ್ ಮತ್ತು ಸಂಗಡಿಗರು 2008ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. 46 ಜನರಿಗೆ ಬೆಳಿಗ್ಗೆ 5 ಇಲ್ಲವೇ 20 ಡಾಲರ್ ಕೊಟ್ಟು, ಸಂಜೆ ಐದರೊಳಗೆ ಕೆಲವರು ತಮಗಾಗಿ, ಉಳಿದವರು ಬೇರೆಯವರಿಗಾಗಿ ಖರ್ಚು ಮಾಡಬೇಕೆಂದರು. ಸಂಜೆ ಹೆಚ್ಚು ಹಿಗ್ಗಿದ್ದವರು ಬೇರೆಯವರಿಗೆ ಖರ್ಚು ಮಾಡಿದವರು. ಐದೋ ಇಪ್ಪತ್ತೋ ಎಂಬುದರಿಂದ ವ್ಯತ್ಯಾಸವೇನೂ ಆಗಲಿಲ್ಲವಂತೆ. ಕಡಿಮೆ ಮೊತ್ತಕ್ಕೂ ಅಷ್ಟೇ ಸುಖ ಎಂಬ ಈ ಮಾತು ನನ್ನಂಥವನಿಗೆ ಹೇಳಿ ಮಾಡಿಸಿದ್ದು.

ಮರುದಿನವೇ ಹೋಟೆಲಿನಲ್ಲಿ ಪಕ್ಕದ ಅಪರಿಚಿತರಿಗೆ ಒಂದು ಟೀ ಹೇಳಿದೆ. ಅವರು ಲೋಟ ಮುಟ್ಟದೆ ನನ್ನನ್ನು ಮೇಲಿಂದ ಕೆಳಗೆ ನೋಡಿ, ‘ಯಾವ ಎಲೆಕ್ಷನ್ನಿಗೆ ನಿಂತಿದ್ದೀರ ಸ್ವಾಮಿ?’ ಅಂದರು. ಕೆನಡಾದಲ್ಲಿ ಈ ತೊಡಕು ಇದ್ದಿರಲಾರದು.

ಆದರೂ ಚಟ ಬಿಡಲಿಲ್ಲ. ರೈಲು ಹತ್ತುವ ಕೆಲಸವಿಲ್ಲದಿದ್ದರೂ ಸ್ಟೇಷನ್ನಿಗೆ ಹೋಗಿ ಮೂಟೆಗಳಿಗಾಗಿ ಹೊಂಚುಹಾಕಿದೆ. ಒಬ್ಬರ ಚೀಲಕ್ಕೆ ಕೈಹಾಕಿದರೆ ಅವರು ಅದನ್ನು ಎದೆಗವಚಿಕೊಂಡರು. ಸುದ್ದಿ ನನಗಿಂತ ಮೊದಲೇ ಮನೆ ಮುಟ್ಟಿತ್ತು. ‘ಊರ ಮೂಟೆ ಎತ್ತೋ ಸೊಂಟಕ್ಕೆ ಮನೆ ಸಿಲಿಂಡರ್ ಮಾತ್ರ ಭಾರವೇನ್ರೀ?’ ಎಂದಳು ಹೆಂಡತಿ. ಇದಕ್ಕೆ ಕೆನಡಾದವರು ಉತ್ತರ ಬರೆದಿಟ್ಟಿರಲಿಲ್ಲ.

ಉಪಕಾರದ ಮಾತು ಬಂದಾಗ ನಮ್ಮ ತಾಲೂಕಿನವರಿಗೆ ನೆನಪಾಗುವವರು ಎಚ್. ನರಸಿಂಹಯ್ಯನವರು. 1920ರಲ್ಲಿ ಗೌರಿಬಿದನೂರಿನ ಹೊಸೂರಿನಲ್ಲಿ ಹುಟ್ಟಿ, ರೈಲಿಗೆ ಕಾಸಿಲ್ಲದೆ ಬೆಂಗಳೂರಿಗೆ ನಡೆದೇ ಹೋಗಿ ಓದಿದ ಹುಡುಗ. ಮುಂದೆ ಕುಲಪತಿಯಾದರೂ ಹಾಸ್ಟೆಲಿನ ಕೋಣೆ ಬಿಡಲಿಲ್ಲ, ಹಿಂದುಳಿದ ಈ ಸೀಮೆಗೆ ಶಾಲೆ ಕಾಲೇಜು ತರುವುದನ್ನೂ ಬಿಡಲಿಲ್ಲ. ಆ ನಡಿಗೆಯಲ್ಲಿ ಅವರಿಗೆ ನೀರು ಕೊಟ್ಟವರು ಕೈಯೆತ್ತಿ ಎಂದರೆ ಇವತ್ತು ನಮ್ಮಲ್ಲಿ ಪ್ರತಿ ಮನೆಯಿಂದಲೂ ಒಂದು ಕೈ ಮೇಲೇಳಬಹುದು. ಅಷ್ಟೂ ಜನರ ನೀರು ಕುಡಿದಿದ್ದರೆ ಆ ಹುಡುಗ ದೊಡ್ಡಬಳ್ಳಾಪುರವನ್ನೂ ದಾಟುತ್ತಿರಲಿಲ್ಲ. ಕೊಟ್ಟವರೆನಿಸಿಕೊಳ್ಳಲು ನಮಗೆ ಅಷ್ಟು ಆಸೆ. ಇಸಕೊಂಡವರು ನಾವೆಂದು ಕೈಯೆತ್ತುವವರನ್ನು ಮಾತ್ರ ಹುಡುಕಬೇಕು.

ಹಳಬರಿಗೆ ಇದು ಗೊತ್ತಿತ್ತು. ಅದಕ್ಕೇ ಮುಯ್ಯಾಳು ಪದ್ಧತಿ ಮಾಡಿಕೊಂಡರು. ಇವತ್ತು ನಿನ್ನ ರಾಗಿ ಹೊಲದ ಕಳೆಗೆ ನಾವು ಬಂದರೆ, ನಾಳೆ ನಮ್ಮ ಹೊಲಕ್ಕೆ ನೀನು. ಹೊಲದಲ್ಲಿ ಬಗ್ಗಿದವರೇ ಎಲ್ಲರೂ, ಹಂಗಿಗೆ ಬಗ್ಗಿದವರು ಯಾರೂ ಇಲ್ಲ.

ತಿಂಗಳಾದ ಮೇಲೆ ಅದೇ ಅಜ್ಜಿ ಮತ್ತೆ ಸಿಕ್ಕಳು. ಈ ಸಲ ಕರೆಯುವ ಮೊದಲೇ ಓಡಿದೆ. ಎತ್ತುವ ಮುಂಚೆ ಅವಳು ಮೂಟೆಯ ಬಾಯಿ ಸಡಿಲಿಸಿ, ಎರಡು ಬೊಗಸೆ ಅವರೆಕಾಯಿ ತೆಗೆದು ನನ್ನ ಚೀಲಕ್ಕೆ ಸುರಿಯಲು ಬಂದಳು.

‘ಅಯ್ಯೋ ಬೇಡ ಅಜ್ಜಿ’ ಎಂದು ದೊಡ್ಡಮನುಷ್ಯನಂತೆ ಹಿಂದೆ ಸರಿದೆ.

ಅಜ್ಜಿ ರೇಗಿದಳು. ‘ಹಿಡಿಯೋ ಸುಮ್ನೆ! ಕೊಡೋ ಸಂತೋಷ ನಿಂಗೊಬ್ಬನಿಗೇ ಬೇಕಾ?’

ಹಿಡಿದೆ. ಆಮೇಲೆ ಎತ್ತಿದೆ. ಹೊರಟಾಗ ಅವಳ ಮುಖ ನೋಡಿದೆ. ಹೋದ ಸಲ ಅಂಗಿ ಮೂಸಿಕೊಂಡು ತಿರುಗಿದ ನನ್ನ ಮುಖವೂ ಹಾಗೇ ಇದ್ದಿರಬೇಕು.

ಮನೆಗೆ ಬಂದು ಕಾಯಿ ಹೆಂಡತಿಯ ಮುಂದಿಟ್ಟೆ. ‘ಸಾರಿಗೆ ಸಾಲಲ್ಲ, ಉಪ್ಪಿಟ್ಟಿಗೆ ಆಗತ್ತೆ’ ಅಂದಳು. ‘ಆದ್ರೆ ಗ್ಯಾಸ್ ಮುಗಿದಿದೆ.’

ಸೊಂಟದ ಬಗ್ಗೆ ತುಟಿಪಿಟಕ್ಕೆನ್ನದೆ ಹೊರಗೆ ಹೋಗಿ ಸಿಲಿಂಡರ್ ಎತ್ತಿದೆ. ಒಬ್ಬನಿಂದ ಆಗಲಿಲ್ಲ. ‘ಎತ್ತು ತಾಯಿ’ ಎಂದೆ.

ನಗುತ್ತ ಬಂದು ಇನ್ನೊಂದು ಕಡೆ ಹಿಡಿದಳು.