ಇಪ್ಪತ್ತು ಮುಖದ ದಾಳದಲ್ಲಿ ಭಯಾನಕ ರಸ: ಒಂದು ಬಹುಶಿಸ್ತೀಯ ಮರುಮುಖಾಮುಖಿ

ಪ್ರಸ್ತಾವನೆ

ಬೆದರಿಕೆಯು ಹುಟ್ಟುಗುಣವೋ ಅಭ್ಯಾಸಬಲವೋ ಎಂಬ ಜಿಜ್ಞಾಸೆಯು ವಿದ್ವತ್ ವಲಯದಲ್ಲಿ ಈವರೆಗೆ ಸಮರ್ಪಕ ಮುಖಾಮುಖಿಗೆ ಒಳಪಟ್ಟಿರುವುದಿಲ್ಲ. ಪ್ರಸ್ತುತ ಅಧ್ಯಯನವು ಈ ಕೊರತೆಯ ನೆಲೆಯಲ್ಲಿ ನಿಂತು, ನೆಲೆಯ ಪರಿಪ್ರೇಕ್ಷ್ಯದಿಂದ ಕೊರತೆಯನ್ನೂ ಕೊರತೆಯ ಪರಿಪ್ರೇಕ್ಷ್ಯದಿಂದ ನೆಲೆಯನ್ನೂ ನೋಡುವ ವಿನಮ್ರ ಪ್ರಯತ್ನವಾಗಿರುತ್ತದೆ. ಆಕರವಾಗಿ ಆಯ್ದುಕೊಂಡಿರುವುದು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಮೇಜಿನಾಟದ ನಿಯಮಸಂಹಿತೆ. ಇದರ ಪ್ರಥಮ ಪಾಠವು ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬ ಋಷಿದ್ವಯರಿಂದ 1974ರಲ್ಲಿ, ಅಮೆರಿಕದ ವಿಸ್ಕಾನ್ಸಿನ್ ಸೀಮೆಯ ಲೇಕ್ ಜಿನೀವಾ ಎಂಬ ಕ್ಷೇತ್ರದಲ್ಲಿ ಲೋಕಾರ್ಪಣೆಗೊಂಡಿತು. ಆ ಪಾಠದಲ್ಲಿ ಬೆದರಿಕೆಗೆಂದು ಬೇರೆ ಕೌಶಲ್ಯವಿರಲಿಲ್ಲ. ಹೆದರಿಸಬೇಕೆನಿಸಿದವನು ಬಾಯಿಬಿಟ್ಟೇ ಹೆದರಿಸಬೇಕಿತ್ತು. 2000ದಲ್ಲಿ ಬಂದ ಮೂರನೆಯ ಆವೃತ್ತಿಯು ‘ಇಂಟಿಮಿಡೇಟ್’ ಎಂಬುದನ್ನು ಈಜು, ಹತ್ತುವಿಕೆ, ಬೀಗ ತೆರೆಯುವಿಕೆಗಳ ಪಂಕ್ತಿಯಲ್ಲಿ ಕೂರಿಸಿತು. ಅಂದಿನಿಂದ ಬೆದರಿಕೆಯು ಕಲಿತು ಅಂಕ ಏರಿಸಿಕೊಳ್ಳಬಹುದಾದ ವಿದ್ಯೆಯಾಗಿ ಪರಿಗಣಿತವಾಗಿದೆ ಎಂಬುದನ್ನು ಗುರುತಿಸಬಹುದಾಗಿದೆ.

ಪಾರಿಭಾಷಿಕ ಚೌಕಟ್ಟು

ಹೆದರಿಸುವವನನ್ನು ‘ಭೀಷಕ’ ಎಂದೂ ಹೆದರುವವನನ್ನು ‘ಭೀತ’ ಎಂದೂ ಇವರಿಬ್ಬರ ನಡುವೆ ನಡೆಯುವುದನ್ನು ‘ಭೀತೀಕರಣ’ ಎಂದೂ ಕರೆಯತಕ್ಕದ್ದು. ಅದಾದ ಮೇಲೆ ಉಳಿಯುವುದು ‘ಭೀತೀಕರಣೋತ್ತರ ಸ್ಥಿತಿ’. ಭೀಷಕನು ಇಪ್ಪತ್ತು ಮುಖದ ದಾಳವನ್ನು ಉರುಳಿಸಿ, ಬಿದ್ದ ಅಂಕಿಗೆ ತನ್ನ ವರ್ಚಸ್ಸಿನ ಅಂಕವನ್ನೂ ಕೌಶಲ್ಯದ ಅಂಕವನ್ನೂ ಕೂಡಿಸುತ್ತಾನೆ. ಮೂರನೆಯ ಆವೃತ್ತಿಗೆ 2003ರಲ್ಲಿ ಬಂದ ಪರಿಷ್ಕೃತ ಪಾಠದ ಪ್ರಕಾರ ಭೀತನೂ ಒಂದು ದಾಳ ಉರುಳಿಸಿ, ತನ್ನ ಹಂತದ ಅಂಕ ಕೂಡಿಸಿ ಎದುರು ನಿಲ್ಲಬಹುದು. ಯಾರದು ಹೆಚ್ಚೋ ಅವರದು ಜಯ. ಇಷ್ಟನ್ನು ಹೇಳಲು ಮೂರು ವಾಕ್ಯ ಸಾಕಿತ್ತೆಂದು ಓದುಗರು ಆಕ್ಷೇಪಿಸಬಹುದಾದರೂ, ಮೂರು ವಾಕ್ಯಕ್ಕೆ ಯಾವ ವಿಶ್ವವಿದ್ಯಾಲಯವೂ ಪದವಿ ಕೊಡುವುದಿಲ್ಲವೆಂಬುದನ್ನು ಗಮನಿಸಬೇಕಾಗುತ್ತದೆ.

ಪೂರ್ವಾಧ್ಯಯನ ಸಮೀಕ್ಷೆ

ಭರತನು ನಾಟ್ಯಶಾಸ್ತ್ರದಲ್ಲಿ ಎಂಟು ರಸಗಳನ್ನು ಹೇಳಿ, ಭಯಾನಕಕ್ಕೆ ಕಪ್ಪು ಬಣ್ಣವನ್ನು ಕೊಟ್ಟು, ಅದು ಬೀಭತ್ಸದಿಂದ ಹುಟ್ಟುತ್ತದೆ ಎಂದಿದ್ದಾನೆ. ರೌದ್ರದಿಂದ ಹುಟ್ಟುವುದು ಭಯಾನಕವಲ್ಲ, ಕರುಣ. ನಮ್ಮ ಆಕರವು ಇದನ್ನು ಬಹುಸ್ತರೀಯವಾಗಿ ಸಮರ್ಥಿಸುತ್ತದೆ: ಹಾಫ್-ಆರ್ಕ್ ಎಂಬ ಕೋರೆಹಲ್ಲಿನ ಕುಲದ ವೀರನೊಬ್ಬ ಕೊಡಲಿ ಎತ್ತಿ ಗರ್ಜಿಸಿ, ದಾಳದಲ್ಲಿ 3 ಬೀಳಿಸಿಕೊಂಡಾಗ ಮೇಜಿನ ಸುತ್ತ ನಿಷ್ಪನ್ನವಾಗುವುದು ಕರುಣರಸವೇ. ಭರತನನ್ನು ಇಲ್ಲಿಗೆ ಕೈಬಿಡಲಾಗಿದೆ. ಪ್ರಸ್ತಾಪಿಸಿದ್ದಾಯಿತಲ್ಲ, ಪ್ರಬಂಧಗಳಲ್ಲಿ ಅವನಿಗೆ ಇರುವ ಕೆಲಸವೇ ಅಷ್ಟು.

ವರ್ಗೀಕರಣ

ಭೀತೀಕರಣವನ್ನು ಏಳು ಪ್ರಧಾನ ಹಾಗೂ ಇಪ್ಪತ್ತೊಂದು ಅವಾಂತರ ಪ್ರಭೇದಗಳಾಗಿ ವಿಂಗಡಿಸಬಹುದಾಗಿದೆ.

ಒಂದು, ವರ್ಚಸ್ಸುಪ್ರಧಾನ ಭೀತೀಕರಣ. ಸಂಹಿತೆಯು ಬೆದರಿಕೆಯನ್ನು ತೋಳಿನ ಬಲಕ್ಕೆ ಕಟ್ಟದೆ ವ್ಯಕ್ತಿತ್ವದ ಆಕರ್ಷಣೆಗೆ ಕಟ್ಟಿದೆ. ಮೂರನೆಯ ಆವೃತ್ತಿಯಲ್ಲಿ ಹಾಫ್-ಆರ್ಕನಿಗೆ ಹುಟ್ಟಿನಿಂದಲೇ ವರ್ಚಸ್ಸಿನಲ್ಲಿ 2 ಅಂಕ ಖೋತಾ. ಆದ್ದರಿಂದ ಏಳಡಿ ಎತ್ತರದ ಆಸಾಮಿಗಿಂತ ನಯವಾಗಿ ನಗುವ ತೆಳ್ಳನೆಯ ಕಳ್ಳನೇ ಹೆಚ್ಚು ಭೀಕರ. 2014ರ ಐದನೆಯ ಆವೃತ್ತಿಯು ಈ ಅನ್ಯಾಯಕ್ಕೆ ಪರಿಹಾರವಾಗಿ ಹಾಫ್-ಆರ್ಕನಿಗೆ ಈ ಕೌಶಲ್ಯವನ್ನು ಜನ್ಮದತ್ತವಾಗಿ ಮಂಜೂರು ಮಾಡಿತು. ಜೊತೆಗೆ, ಆಟ ನಡೆಸುವ ಡಂಜನ್ ಮಾಸ್ಟರ್ ಒಪ್ಪಿದರೆ ತೋಳ್ಬಲವನ್ನೂ ಲೆಕ್ಕಕ್ಕೆ ಹಿಡಿಯಬಹುದೆಂದಿತು.

ಎರಡು, ದೃಷ್ಟಿಪ್ರಧಾನ ಭೀತೀಕರಣ. ದಾಯಾದಿ ಸಂಹಿತೆಯಾದ ‘ಪಾಥ್‌ಫೈಂಡರ್’ ತನ್ನ 2019ರ ಎರಡನೆಯ ಆವೃತ್ತಿಯಲ್ಲಿ, ಭೀತನಿಗೆ ಭೀಷಕನ ಭಾಷೆ ತಿಳಿಯದಿದ್ದರೆ 4 ಅಂಕ ಕಡಿತ ಎಂದು ವಿಧಿಸುತ್ತದೆ. ಬೈಗುಳ ಅರ್ಥವಾಗಬೇಕು ತಾನೆ! ಆದರೆ ದುರುಗುಟ್ಟಿ ನೋಡುವ ವಿದ್ಯೆಯನ್ನು ಪ್ರತ್ಯೇಕವಾಗಿ ಕಲಿತವನಿಗೆ ಈ ಕಡಿತವಿಲ್ಲ.

ಮೂರು, ಪ್ರಾಣಾಂತಿಕ ಭೀತೀಕರಣ. ಅದೇ ಸಂಹಿತೆಯ ಪ್ರಕಾರ ಹದಿನೈದನೆಯ ಹಂತ ಮುಟ್ಟಿದ ಸಿದ್ಧಪುರುಷನು ಎದುರಿಗಿದ್ದವನನ್ನು ಹೆದರಿಸಿಯೇ ಕೊಲ್ಲುವ ಸಿದ್ಧಿ ಪಡೆಯಬಲ್ಲ.

ನಾಲ್ಕರಿಂದ ಏಳರವರೆಗಿನ ಪ್ರಭೇದಗಳನ್ನು ಆಸಕ್ತರು ಊಹಿಸಿಕೊಳ್ಳಬಹುದಾಗಿದೆ. ಏಳು ಎಂದು ಬರೆಯುವಾಗ ನನ್ನ ಬಳಿ ಮೂರೇ ಇದ್ದವು. ಏಳು ಎಂದರೆ ಗೌರವ ಹೆಚ್ಚು ಅಂತ ಬರೆದೆ. ಇಪ್ಪತ್ತೊಂದರ ವಿಚಾರ ಕೇಳಲೇಬೇಡಿ.

ಗಾತ್ರದ ಪ್ರಶ್ನೆ

2003ರ ಪಾಠದಲ್ಲಿ ಒಂದು ಸಣ್ಣ ನಿಯಮವಿದೆ. ಭೀಷಕನು ಭೀತನಿಗಿಂತ ಗಾತ್ರದ ದರ್ಜೆಯಲ್ಲಿ ಎಷ್ಟು ಮೇಲಿರುತ್ತಾನೋ, ದರ್ಜೆಗೆ ತಲಾ 4ರಂತೆ ಅವನಿಗೆ ಹೆಚ್ಚುವರಿ ಅಂಕ. ಕೆಳಗಿದ್ದರೆ ಅಷ್ಟೇ ಕಡಿತ. ಅಂದರೆ ಮನುಷ್ಯನೊಬ್ಬ ಗುಜ್ಜಾರಿ ಕುಲದ ಹಾಫ್‌ಲಿಂಗನ ಮುಂದೆ ಸುಮ್ಮನೆ ನಿಂತರೂ 4 ಸಿಕ್ಕಿತು. ನಾಲ್ಕು ಹಂತ ಏರುವವರೆಗೆ ಕೂಡಿಟ್ಟ ಅಭ್ಯಾಸವನ್ನು ಎದುರಾಳಿಯ ಎತ್ತರ ನಿಂತಲ್ಲೇ ನುಂಗಿಹಾಕುತ್ತದೆ. ಹಾಗಾಗಿ ಆಟಗಾರರು ಯಾರನ್ನು ಹೆದರಿಸುತ್ತಾರೆ ನೋಡಿ. ಡ್ರ್ಯಾಗನ್ನನ್ನು ಕಂಡರೆ ಬಗ್ಗಿ ಮಾತಾಡುತ್ತಾರೆ, ಹೊಗಳುತ್ತಾರೆ, ಕಾಣಿಕೆ ಒಪ್ಪಿಸುತ್ತಾರೆ. ಬೆದರಿಕೆಯ ದಾಳ ಹೊರಬರುವುದು ಪಡಖಾನೆಯವನ ಮುಂದೆ, ಊರಬಾಗಿಲ ಕಾವಲಿನವನ ಮುಂದೆ, ಕೈಕಟ್ಟಿ ಕೂರಿಸಿದ ಬಡಪಾಯಿ ಗಾಬ್ಲಿನ್ನಿನ ಮುಂದೆ. ಆ ಗಾಬ್ಲಿನ್ನಿಗೆ ಡಂಜನ್ ಮಾಸ್ಟರ್ ಹೆಸರು ಕೂಡ ಇಟ್ಟಿರುವುದಿಲ್ಲ.

ಅದೇ ಪುಟದಲ್ಲಿ ಇನ್ನೊಂದು ಮಾತಿದೆ: ಬುದ್ಧಿಯಿಲ್ಲದ ಜೀವಿಗಳನ್ನು ಹೆದರಿಸಲು ಸಾಧ್ಯವಿಲ್ಲ. ದೊಡ್ಡ ಕುರ್ಚಿಗಳಲ್ಲಿ ಕಾಣಸಿಗುವ ಕೆಲವು ಅಸಾಧಾರಣ ಧೈರ್ಯಗಳ ಮೂಲ ಇಲ್ಲಿರಬಹುದೇ ಎಂಬುದು ಹೆಚ್ಚಿನ ಸಂಶೋಧನೆಯನ್ನು ಬೇಡುತ್ತದೆ.

ಭೀತೀಕರಣೋತ್ತರ ಸ್ಥಿತಿ

ದಾಳ ಗೆದ್ದಿತು ಅನ್ನೋಣ. ಆಗ ಭೀತನನ್ನು ‘ಸ್ನೇಹಿತ’ ಎಂದು ಪರಿಗಣಿಸತಕ್ಕದ್ದು ಎನ್ನುತ್ತದೆ 2003ರ ಸಂಹಿತೆ. ಅವನು ನಿಮ್ಮೊಡನೆ ಹರಟುತ್ತಾನೆ, ಸಲಹೆ ಕೊಡುತ್ತಾನೆ, ನಿಮ್ಮ ಪರವಾಗಿ ನಾಲ್ಕು ಜನರ ಮುಂದೆ ಮಾತಾಡುತ್ತಾನೆ. ನೀವು ಎದುರಿಗಿರುವಷ್ಟು ಹೊತ್ತು, ಆಮೇಲೆ ಆರು ಮುಖದ ದಾಳದಲ್ಲಿ ಬಿದ್ದದ್ದನ್ನು ಹತ್ತರಿಂದ ಗುಣಿಸಿದಷ್ಟು ನಿಮಿಷ, ಅಂದರೆ ಹೆಚ್ಚೆಂದರೆ ಒಂದು ಗಂಟೆ, ಈ ಸ್ನೇಹ ಬಾಳುತ್ತದೆ. ಅದು ಮುಗಿಯಿತೋ, ಅವನು ನಿಮ್ಮ ವಿರೋಧಿ.

ಈ ಸಾಲನ್ನು ಮೊದಲು ಓದಿದಾಗ ನನಗೆ ನೆನಪಾದದ್ದು ಸಂಶೋಧನಾ ಪ್ರಬಂಧಗಳ ಕೃತಜ್ಞತೆಯ ಪುಟ. ‘ಸದಾ ಬೆನ್ನೆಲುಬಾಗಿ ನಿಂತ ಪೂಜ್ಯ ಗುರುಗಳಿಗೆ’ ಎಂದು ಬರೆದವನನ್ನು ನಾನು ಬಲ್ಲೆ. ಗುರುಗಳ ಮಗಳ ಮದುವೆಯಲ್ಲಿ ಅವನು ಕುರ್ಚಿ ಹೊತ್ತಿದ್ದ. ಒಂದು ಸಹಿಗಾಗಿ ಬಾಗಿಲ ಹೊರಗೆ ಬೆಳಗಿನಿಂದ ಸಂಜೆಯವರೆಗೆ ನಿಂತು, ‘ನಾಳೆ ಬಾ’ ಅನ್ನಿಸಿಕೊಂಡಿದ್ದ. ಮನೆತನದಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲಿಗ ಅವನು. ನಾಲ್ಕು ವರ್ಷ ಊರೂರು ಅಲೆದು ಅಜ್ಜಿಯರಿಂದ ಹಾಡು ಬರೆದುಕೊಂಡು ಬಂದಿದ್ದ. ಮೌಖಿಕ ಪರೀಕ್ಷೆಯ ದಿನ ಒಬ್ಬರು ಕನ್ನಡಕ ಕೆಳಗಿಳಿಸಿ, ‘ನಿಮ್ಮ ಸೈದ್ಧಾಂತಿಕ ಚೌಕಟ್ಟು ಯಾವುದು?’ ಅಂದರು. ಅವನು ಉತ್ತರಿಸುವಷ್ಟರಲ್ಲಿ ಇನ್ನೊಬ್ಬರು, ‘ಇದರ ಜ್ಞಾನಮೀಮಾಂಸಕ ನೆಲೆ?’ ಅಂದರು. ಯಾರಿಗೂ ಉತ್ತರ ಬೇಕಿರಲಿಲ್ಲ. ಒಬ್ಬರಾದರೂ ‘ಒಂದು ಹಾಡು ಹೇಳಪ್ಪಾ, ಕೇಳೋಣ’ ಅನ್ನಲಿಲ್ಲ. ಆ ಕೋಣೆಯಲ್ಲಿ ಆ ಪದಗಳಿಗೆ ಇದ್ದದ್ದು ಒಂದೇ ಅರ್ಥ: ನೀನು ಹಾಫ್‌ಲಿಂಗ್, ನಾವು ಒಂದು ದರ್ಜೆ ಮೇಲೆ. ಈ ಪ್ರಬಂಧದ ಮೊದಲ ಪುಟಗಳಲ್ಲಿ ನಾನು ಎಸೆದ ಪರಿಪ್ರೇಕ್ಷ್ಯ, ಬಹುಸ್ತರೀಯ, ಚೌಕಟ್ಟುಗಳನ್ನೆಲ್ಲ ಅಂಥ ಕೋಣೆಗಳಿಂದಲೇ ಹೆಕ್ಕಿ ತಂದದ್ದು. ಹಾಡು ಹೇಳಿಕೊಟ್ಟ ಯಾವ ಅಜ್ಜಿಗೂ ಅವುಗಳ ಅಗತ್ಯ ಬಿದ್ದಿರಲಿಲ್ಲ.

ಈಗ ಅವನೇ ಮಾರ್ಗದರ್ಶಕ. ಮೊನ್ನೆ ಸಿಕ್ಕಾಗ ಕೇಳಿದೆ, ‘ಹೇಗಿದ್ದಾರೆ ನಿಮ್ಮ ಹುಡುಗರು?’ ‘ಅಯ್ಯೋ, ಬಿಡಿ ಸರ್, ಒಬ್ಬನಿಗೂ ಸೈದ್ಧಾಂತಿಕ ಚೌಕಟ್ಟೇ ಇಲ್ಲ’ ಅಂದ. ಹೊರಗೆ ಬೆಂಚಿನ ಮೇಲೆ ಹುಡುಗಿಯೊಬ್ಬಳು ಅರ್ಜಿ ಹಿಡಿದು ಕೂತಿದ್ದಳು.

ಸಂಹಿತೆ ತಪ್ಪಿರುವುದು ಇಲ್ಲಿ. ಹೆದರಿಕೊಂಡವನು ಹೆದರಿಸಿದವನ ಮೇಲೆ ತಿರುಗಿ ಬೀಳುತ್ತಾನೆ ಎಂದು ಅದು ನಂಬಿದೆ. ರಾಕ್ಷಸರನ್ನು ಕೊಂದು ಹಂತ ಏರಿದಾಗ ಬೆದರಿಕೆಯ ಅಂಕವನ್ನು ತನ್ನ ಪಾತ್ರದ ಹಾಳೆಯಲ್ಲಿ ಬರೆದುಕೊಳ್ಳಬಹುದು ಎಂದೂ ನಂಬಿದೆ. ಈ ವಿದ್ಯೆಯನ್ನು ಹಾಗೆ ಕಲಿತವರನ್ನು ನಾನಂತೂ ಕಂಡಿಲ್ಲ. ಬೇರೆಯವರ ಬಾಗಿಲ ಹೊರಗೆ ನಿಂತು ನಿಂತು ಕಲಿತವರೇ ಎಲ್ಲ.

ಪರಿಷ್ಕರಣೆಗೆ ಸೂಚನೆ

ಆದಕಾರಣ ಮುಂದಿನ ಆವೃತ್ತಿಯಲ್ಲಿ ಹೀಗೊಂದು ನಿಯಮ ಸೇರಿಸಬೇಕೆಂದು ಸಂಬಂಧಪಟ್ಟವರಲ್ಲಿ ಕೋರಲಾಗಿದೆ: ಪ್ರತಿ ಯಶಸ್ವೀ ಭೀತೀಕರಣದ ನಂತರ ಭೀತನ ಹಾಳೆಯಲ್ಲಿ ಬೆದರಿಕೆಯ ಒಂದು ಅಂಕ ಏರತಕ್ಕದ್ದು. ಇದಕ್ಕೆ ಡಂಜನ್ ಮಾಸ್ಟರುಗಳು ಒಪ್ಪಲಾರರು. ಹಾಗೆ ಲೆಕ್ಕ ಇಡುತ್ತ ಹೋದರೆ, ಬಂದುಹೋಗುವ ಪ್ರತಿ ವೀರನಿಂದಲೂ ಹೆದರಿಸಿಕೊಂಡ ಪಡಖಾನೆಯವನು ಒಂದು ದಿನ ಡ್ರ್ಯಾಗನ್ನನ್ನೇ ನಡುಗಿಸುವಷ್ಟು ಅಂಕ ಗಳಿಸಿಬಿಡುತ್ತಾನೆ, ಆಟ ಕೆಡುತ್ತದೆ ಎಂದು ಅವರು ವಾದಿಸಬಹುದು. ಆ ಭಯ ಬೇಡ. ಅವನು ಬೆಟ್ಟ ಹತ್ತಿ ಡ್ರ್ಯಾಗನ್ನಿನ ಗುಹೆಗೆ ಹೋಗುವವನಲ್ಲ. ಒಳಗೆ ಲೋಟ ತೊಳೆಯುವ ಹುಡುಗನಿದ್ದಾನೆ, ಅವನನ್ನು ಕರೆಯುತ್ತಾನೆ.