ಡಿಸಿ ಅಧ್ಯಕ್ಷರಾದ ಸಂಘ

(ಬೈಲೂರಿನ ಹೋಟೆಲು. ಗೋಳಿಬಜೆ ಬಿಸಿ ಉಂಟು, ಚಟ್ನಿ ಮುಗಿದಿದೆ.)

“ಶೆಟ್ರೇ, ಉಮಿಕ್ಕಳ ಬೆಟ್ಟದ ಪರಶುರಾಮ ಪಾರ್ಕ್ ಮಾಡಿದ್ದು ಯಾರು?”

“ನಿರ್ಮಿತಿ ಕೇಂದ್ರ ಮಾರಾಯ್ರೆ. ಸರ್ಕಾರ ಅಲ್ಲ, ಸೊಸೈಟಿ. ನಮ್ಮ ಯುವಕ ಮಂಡಲದ ಹಾಗೆ ರಿಜಿಸ್ಟರ್ ಆದದ್ದು.”

“ಅಧ್ಯಕ್ಷರು?”

“ಜಿಲ್ಲಾಧಿಕಾರಿ.”

“ಚುನಾವಣೆ?”

“ಎಂತಕ್ಕೆ? ವರ್ಗಾವಣೆ ಉಂಟಲ್ಲ!”

“ಕೆಲಸ ಕೊಡುವುದು?”

“ಸರ್ಕಾರ. ಇಲಾಖೆಯಾದ್ರೆ ಟೆಂಡರ್ ಕರೀಬೇಕು. ಇಂಥ ಸೊಸೈಟಿಗಾದ್ರೆ ವಿನಾಯಿತಿಗೆ ದಾರಿ ಉಂಟು.”

“2023ರ ಜನವರಿಯಲ್ಲಿ ಆಗಿನ ಮುಖ್ಯಮಂತ್ರಿ ಬೊಮ್ಮಾಯಿಯವರು ಉದ್ಘಾಟಿಸಿದ ಅಲ್ಲಿನ ಪರಶುರಾಮ ಮೂರ್ತಿಯ ಮೇಲರ್ಧ ಅದೇ ವರ್ಷ ಇಳಿಸಿದ್ರಲ್ಲ, ಯಾರಲ್ಲಿ ಕೇಳುವುದು?”

“ಸರ್ಕಾರಕ್ಕೆ ಕೇಳಿದ್ರೆ ಸೊಸೈಟಿಯತ್ತ ಕೈ ತೋರಿಸ್ತದೆ. ಸೊಸೈಟಿಗೆ ಹೋದ್ರೆ ಕುರ್ಚಿಯಲ್ಲಿ ಸರ್ಕಾರವೇ!”

“ನಮ್ಮ ಮಂಡಲಕ್ಕೂ ಡಿಸಿಯವರನ್ನೇ ಅಧ್ಯಕ್ಷರು ಮಾಡುವನಾ?”

“ಮಾಡುವ, ಮಾಡುವ. ಮೊಸರುಕುಡಿಕೆಯ ಶಾಮಿಯಾನದವನ ಬಾಕಿ ಇನ್ನೂ ಕೊಟ್ಟಿಲ್ಲ. ಅವ ಇನ್ನು ಮಣಿಪಾಲಕ್ಕೆ ಹೋಗಿ ಡಿಸಿ ಆಫೀಸಿನಲ್ಲೇ ಕೇಳ್ಲಿ.”